ನಮ್ಮ ಪುಸ್ತಕಗಳು ಕೋಲ್ಕತ್ತವನ್ನು ತಲುಪುತ್ತಿವೆಯೇ?

ಭಾರತದಲ್ಲಿ ಪುಸ್ತಕ ಪ್ರಕಟಿಸುವ ಪ್ರತಿಯೊಬ್ಬರೂ ಮೂವತ್ತು ದಿನಗಳೊಳಗೆ ಅದರ ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ತಮ್ಮ ಖರ್ಚಿನಲ್ಲಿ ತಲುಪಿಸಬೇಕು. 1954ರಲ್ಲಿ ಸಂಸತ್ತು ಮಾಡಿದ ಕಾನೂನು ಇದು. ಎರಡು ಮೂರು ಪುಟಗಳಲ್ಲಿ ಮುಗಿಯುವ ಈ ಕಾನೂನು, ಕಳುಹಿಸುವ ಪ್ರತಿ ಹೇಗಿರಬೇಕೆಂಬುದನ್ನು ಬಹಳ ಆಸ್ಥೆಯಿಂದ ವಿವರಿಸುತ್ತದೆ. ನಕಾಶೆ, ಚಿತ್ರಗಳೆಲ್ಲ ಅದರಲ್ಲಿರಬೇಕು. ಪುಸ್ತಕವನ್ನು ರಟ್ಟು ಕಟ್ಟಿರಬೇಕು ಅಥವಾ ಹೊಲಿದಿರಬೇಕು. ಆ ಪುಸ್ತಕ ಬೇರೆ ಬೇರೆ ಕಾಗದಗಳಲ್ಲಿ ಅಚ್ಚಾಗಿದ್ದರೆ, ಅವುಗಳಲ್ಲಿ ಅತ್ಯುತ್ತಮ ಕಾಗದದ ಪ್ರತಿಯನ್ನೇ ಕಳುಹಿಸಬೇಕು. ಮುಂದಿನ ನೂರಾರು ವರ್ಷ ಬಾಳಬೇಕಾದ ಪ್ರತಿ ಅದು ಎಂಬ ಅರಿವಿನಿಂದ ಬರೆದ ಸಾಲುಗಳಿವು. ಹಾಗೆ ಕಳುಹಿಸದವರಿಗೆ ಇದೇ ಕಾನೂನು ಗೊತ್ತುಪಡಿಸಿದ ದಂಡ ಹೆಚ್ಚೆಂದರೆ ಐವತ್ತು ರೂಪಾಯಿ, ಜೊತೆಗೆ ಆ ಪುಸ್ತಕದ ಬೆಲೆ.

ದಂಡದ ಮಾತಿಗೆ ಆಮೇಲೆ ಬರೋಣ. ಈ ಕಾನೂನು ಏನನ್ನು ಬಯಸುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಒಳ್ಳೆಯ ಪುಸ್ತಕಗಳನ್ನು ಕಳುಹಿಸಿ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಯಾವುದೇ ಭಾಷೆಯ ಪ್ರತಿಯೊಂದು ಸಂಪುಟ, ಸಂಪುಟದ ಭಾಗ, ಕಿರುಹೊತ್ತಿಗೆ, ಸಂಗೀತದ ಹಾಳೆ, ನಕಾಶೆ ಬೇಕು ಎನ್ನುತ್ತದೆ. ಉಳಿದ ಗ್ರಂಥಾಲಯಗಳಿಗೂ ರಾಷ್ಟ್ರೀಯ ಗ್ರಂಥಾಲಯಕ್ಕೂ ಇರುವ ಮೂಲ ವ್ಯತ್ಯಾಸ ಇದೇ. ಕಾಲೇಜಿನ ಗ್ರಂಥಾಲಯ ಪಠ್ಯವನ್ನು ನೋಡಿ ಆರಿಸಿಕೊಳ್ಳುತ್ತದೆ, ಊರಿನ ಗ್ರಂಥಾಲಯ ಓದುಗರನ್ನು ನೋಡಿ ಆರಿಸಿಕೊಳ್ಳುತ್ತದೆ. ರಾಷ್ಟ್ರೀಯ ಗ್ರಂಥಾಲಯ ಆರಿಸುವ ಅಧಿಕಾರವನ್ನೇ ಬಿಟ್ಟುಕೊಡುತ್ತದೆ. ಪಂಚಾಂಗ, ಹಾಡಿನ ಪುಸ್ತಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಯಾರೂ ಕೊಳ್ಳದೆ ಉಳಿದ ಕವನ ಸಂಕಲನ, ಮಹಾಕಾವ್ಯ ಎಲ್ಲವೂ ಅದಕ್ಕೆ ಸಮಾನ. ಮುಂದಿನ ತಲೆಮಾರು ಯಾವ ಪ್ರಶ್ನೆ ಕೇಳುತ್ತದೆಂದು ಈ ತಲೆಮಾರಿಗೆ ತಿಳಿಯುವ ಬಗೆ ಇಲ್ಲದಿರುವುದೇ ಇದಕ್ಕೆ ಕಾರಣ.

ಕೆಲವು ವರ್ಷಗಳ ಹಿಂದೆ ಹಳೆಯ ಪುಸ್ತಕಗಳ ರಾಶಿಯಲ್ಲಿ ನನಗೊಂದು ನಾಟಕ ಕಂಪನಿಯ ಹಾಡುಗಳ ಪುಸ್ತಿಕೆ ಸಿಕ್ಕಿತು. ಹದಿನಾರು ಪುಟ. ನಾಟಕ ನೋಡಲು ಬಂದವರಿಗೆ ಬಾಗಿಲಲ್ಲೇ ಮಾರುತ್ತಿದ್ದ ಬಗೆಯದು. ರಕ್ಷಾಪುಟ ಹರಿದುಹೋಗಿದೆ, ಅದರೊಂದಿಗೆ ವರ್ಷ, ಅಚ್ಚುಕೂಟದ ಹೆಸರು, ಬೆಲೆ ಎಲ್ಲವೂ ಹೋಗಿವೆ. ಹಾಡುಗಳ ಧಾಟಿಗಳನ್ನು ಮಾತ್ರ ಪ್ರತಿ ಹಾಡಿನ ತಲೆಯ ಮೇಲೆ ಅಚ್ಚು ಹಾಕಿದ್ದಾರೆ. ಆ ಕಾಲದ ಜನ ಯಾವ ರಾಗಕ್ಕೆ ತಲೆದೂಗುತ್ತಿದ್ದರು, ಮರಾಠಿಯ ಯಾವ ಮಟ್ಟು ಕನ್ನಡಕ್ಕೆ ಬಂದಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇರೆ ಇರಲಾರದು. ಇಂಥದ್ದನ್ನು ಯಾವ ವಿಶ್ವವಿದ್ಯಾಲಯವೂ ಕೊಂಡಿಡುವುದಿಲ್ಲ. ಕೊಳ್ಳಬೇಕಾಗಿಯೂ ಇರಲಿಲ್ಲ. ಇಂಥದ್ದನ್ನು ಇಟ್ಟುಕೊಳ್ಳುವುದಕ್ಕೆಂದೇ ಒಂದು ಜಾಗ ಬೇಕು.

ಆ ಜಾಗದ ಕಲ್ಪನೆ ಮೊದಲು ಹುಟ್ಟಿದ್ದು ರಾಜನ ಮನೆಯಲ್ಲಿ. 1537ರಲ್ಲಿ ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸ್, ತನ್ನ ರಾಜ್ಯದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಅರಮನೆಯ ಗ್ರಂಥಾಲಯಕ್ಕೆ ಕೊಡದೆ ಮಾರಕೂಡದೆಂದು ಆಜ್ಞೆ ಮಾಡಿದ. ಕಡ್ಡಾಯ ಪ್ರತಿ ಸಲ್ಲಿಕೆಯ ಪದ್ಧತಿ ಶುರುವಾದದ್ದು ಅಲ್ಲಿಂದ. ಇಂಗ್ಲೆಂಡಿನಲ್ಲಿ 1610ರಲ್ಲಿ ಥಾಮಸ್ ಬಾಡ್ಲಿ ಲಂಡನ್ನಿನ ಮುದ್ರಕರ ಸಂಘದೊಡನೆ ಇಂಥದೇ ಒಪ್ಪಂದ ಮಾಡಿಕೊಂಡು ಆಕ್ಸ್‌ಫರ್ಡ್‌ನ ತನ್ನ ಗ್ರಂಥಾಲಯಕ್ಕೆ ಪುಸ್ತಕ ತರಿಸಿದ. ಫ್ರೆಂಚ್ ಕ್ರಾಂತಿಯ ನಂತರ ಅರಮನೆಯ ಸಂಗ್ರಹ ಪ್ರಜೆಗಳದಾಯಿತು, ಹೆಸರಿನಲ್ಲಿ ‘ರಾಷ್ಟ್ರೀಯ’ ಎಂಬ ಮಾತು ಸೇರಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪುಸ್ತಕಗಳ ಹೊಣೆ ಹೊತ್ತಿದ್ದ ಆಂತೊನಿಯೊ ಪಾನಿಜ್ಜಿ ಇಟಲಿಯಿಂದ ದೇಶಭ್ರಷ್ಟನಾಗಿ ಬಂದವನು. ದೇಶದ ಅತಿ ಶ್ರೀಮಂತನಿಗೆ ಎಟಕುವಷ್ಟು ಪುಸ್ತಕಗಳು ಬಡ ವಿದ್ಯಾರ್ಥಿಗೂ ಎಟಕಬೇಕು ಎಂದು ಅವನು 1836ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ವಾದಿಸಿದ. ಪುಸ್ತಕ ಒಪ್ಪಿಸದ ಪ್ರಕಾಶಕರನ್ನು ನ್ಯಾಯಾಲಯಕ್ಕೆ ಎಳೆದು ಅವರ ದ್ವೇಷವನ್ನೂ ಕಟ್ಟಿಕೊಂಡ. ನನಗೆ ಈತನ ಮೇಲೆ ಬಹಳ ಗೌರವ. ಕಾನೂನು ಪುಸ್ತಕದಲ್ಲಿ ಮಲಗಿದ್ದರೆ ಗ್ರಂಥಾಲಯ ಬೆಳೆಯುವುದಿಲ್ಲ ಎಂಬುದನ್ನು ಅವನು ಕಂಡುಕೊಂಡಿದ್ದ.

ಅದೇ 1836ರಲ್ಲಿ ಕಲ್ಕತ್ತಾ ಸಾರ್ವಜನಿಕ ಗ್ರಂಥಾಲಯ ತೆರೆಯಿತು. ಆಗ ಗವರ್ನರ್ ಜನರಲ್ ಆಗಿದ್ದ ಮೆಟ್ಕಾಫ್, ಫೋರ್ಟ್ ವಿಲಿಯಂ ಕಾಲೇಜಿನ 4,675 ಪುಸ್ತಕಗಳನ್ನು ಅದಕ್ಕೆ ಕೊಟ್ಟ. ‘ಸಾರ್ವಜನಿಕ’ ಎಂಬುದು ಹೆಸರಿನಲ್ಲಿತ್ತು, ಆದರೆ 300 ರೂಪಾಯಿ ತೆತ್ತವರು ಅದರ ಒಡೆಯರು. ದ್ವಾರಕಾನಾಥ ಠಾಕೂರರು ಅವರಲ್ಲಿ ಮೊದಲಿಗರು. ಇನ್ನೊಂದು ಕಡೆ ಸರ್ಕಾರದ ಇಲಾಖೆಗಳ ಪುಸ್ತಕ ಸಂಗ್ರಹಗಳನ್ನು ಒಟ್ಟುಗೂಡಿಸಿ 1891ರಲ್ಲಿ ಇಂಪೀರಿಯಲ್ ಲೈಬ್ರರಿ ಮಾಡಲಾಗಿತ್ತು. ಅದು ಹೆಚ್ಚಾಗಿ ಅಧಿಕಾರಿಗಳ ಬಳಕೆಗೇ ಮೀಸಲು. ಆಗಿನ ವೈಸರಾಯ್ ಲಾರ್ಡ್ ಕರ್ಜನ್ ಎರಡನ್ನೂ ಕೂಡಿಸಿ 1903ರ ಜನವರಿ 30ರಂದು ಮೆಟ್ಕಾಫ್ ಹಾಲ್‌ನಲ್ಲಿ ಜನರಿಗೆ ತೆರೆದ. ಭಾರತದ ಬಗ್ಗೆ ಯಾವ ಕಾಲದಲ್ಲಿ ಬರೆದ ಕೃತಿಯೇ ಆಗಲಿ, ಸಾಧ್ಯವಾದ ಮಟ್ಟಿಗೆ ಎಲ್ಲವೂ ಅಲ್ಲಿ ಓದಲು ಸಿಗಬೇಕೆಂಬುದು ಅವನ ಗುರಿ.

‘ಭಾರತದ ಬಗ್ಗೆ’ ಎಂಬ ಮಾತನ್ನು ಗಮನಿಸಬೇಕು. ಆಳುವವನಿಗೆ ಬೇಕಾದದ್ದು ನಾಡಿನ ಕುರಿತ ತಿಳಿವಳಿಕೆ. ಆ ನಾಡು ತನ್ನ ಭಾಷೆಗಳಲ್ಲಿ ತನ್ನೊಳಗೆ ಏನು ಮಾತನಾಡಿಕೊಳ್ಳುತ್ತಿದೆ ಎಂಬುದನ್ನೆಲ್ಲ ಉಳಿಸಿಕೊಳ್ಳುವುದು ಕರ್ಜನ್‌ನ ಗ್ರಂಥಾಲಯದ ಗುರಿಯಾಗಿರಲಿಲ್ಲ. ಹಾಗಿದ್ದರೂ ಅಲ್ಲಿ ಕೆಲಸ ಮಾಡಿದವರಲ್ಲಿ ಭಾಷೆಗಳ ಹಂಬಲವಿದ್ದವರಿದ್ದರು. ಮೊದಲ ಗ್ರಂಥಪಾಲಕ ಜಾನ್ ಮ್ಯಾಕ್‌ಫರ್ಲೇನ್ ಬ್ರಿಟಿಷ್ ಮ್ಯೂಸಿಯಮ್ಮಿನಿಂದ ಬಂದವರು. ಅವರ ನಂತರ ಬಂದ ಹರಿನಾಥ್ ಡೇ ಮೂವತ್ತಕ್ಕೂ ಹೆಚ್ಚು ಭಾಷೆಗಳನ್ನು ಬಲ್ಲವರೆಂದು ಹೆಸರಾಗಿದ್ದರು. 1911ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಇಂಪೀರಿಯಲ್ ಲೈಬ್ರರಿಯ ಹೆಸರು ರಾಷ್ಟ್ರೀಯ ಗ್ರಂಥಾಲಯವೆಂದು ಬದಲಾಯಿತು. ಅಲಿಪುರದ ಬೆಲ್ವೆಡಿಯರ್ ಬಂಗಲೆಗೆ ಅದು ಸ್ಥಳಾಂತರಗೊಂಡು, 1953ರ ಫೆಬ್ರುವರಿ 1ರಂದು ಮೌಲಾನಾ ಅಬುಲ್ ಕಲಾಂ ಆಜಾದ್ ಅದನ್ನು ಜನರಿಗೆ ತೆರೆದರು. ಮರುವರ್ಷವೇ ಬಂದ ಪುಸ್ತಕ ಸಲ್ಲಿಕೆಯ ಕಾನೂನು ಕರ್ಜನ್‌ನ ಗುರಿಯನ್ನು ಬುಡದಿಂದ ಬದಲಿಸಿತು. ಇನ್ನು ಮುಂದೆ ಭಾರತದ ಬಗ್ಗೆ ಬರೆದದ್ದಷ್ಟೇ ಅಲ್ಲ, ಭಾರತದಲ್ಲಿ ಯಾವ ಭಾಷೆಯಲ್ಲಿ ಯಾವುದರ ಬಗ್ಗೆ ಅಚ್ಚಾದದ್ದೂ ಅಲ್ಲಿರಬೇಕು. 1956ರ ತಿದ್ದುಪಡಿ ಪತ್ರಿಕೆಗಳನ್ನೂ ಸೇರಿಸಿತು. ಬಳ್ಳಾರಿ ಶಾಮಣ್ಣ ಕೇಶವನ್ ಆಗಿನ ಗ್ರಂಥಪಾಲಕರು. ಬಿ.ಎಸ್. ಕೇಶವನ್ ಎಂದು ದೇಶಕ್ಕೆ ಪರಿಚಿತರಾದ ಅವರ ಮುತುವರ್ಜಿಯಿಂದ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿ ಹುಟ್ಟಿತು. ಕಾನೂನಿನಂತೆ ಬಂದ ಪುಸ್ತಕಗಳ ವಿವರಗಳನ್ನು ದಾಖಲಿಸುವ ಈ ಸೂಚಿಯ ಮೊದಲ ಸಂಚಿಕೆ 1957ರ ಕೊನೆಯ ಮೂರು ತಿಂಗಳ ಪುಸ್ತಕಗಳದು. ಇಂದು ಸಂಗ್ರಹದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪುಸ್ತಕಗಳಿವೆ. ಆಶುತೋಷ್ ಮುಖರ್ಜಿಯವರ ಖಾಸಗಿ ಗ್ರಂಥಭಂಡಾರ, ಬಂಗಾಳದ ಬುಹಾರ್ ಊರಿನ ಅರಬ್ಬಿ-ಪಾರ್ಸಿ ಹಸ್ತಪ್ರತಿಗಳು, ಇತಿಹಾಸಕಾರ ಜದುನಾಥ ಸರ್ಕಾರ್ ಮತ್ತು ತಮಿಳು ವಿದ್ವಾಂಸ ವೈಯಾಪುರಿ ಪಿಳ್ಳೈ ಅವರ ಸಂಗ್ರಹಗಳೂ ಅಲ್ಲಿ ಸೇರಿವೆ. ಕನ್ನಡಕ್ಕೆ ತನ್ನದೇ ವಿಭಾಗವಿದೆ.

ಇಷ್ಟಾದರೂ ಹತ್ತೊಂಬತ್ತನೆಯ ಶತಮಾನದ ಕನ್ನಡ ಮುದ್ರಣವನ್ನು ಹುಡುಕುವ ಸಂಶೋಧಕರು ಲಂಡನ್ನಿನತ್ತ ನೋಡಬೇಕಾಗುತ್ತದೆ. ಇದರ ಹಿಂದೆ ಇನ್ನೊಂದು ಕಾನೂನಿದೆ. 1857ರ ದಂಗೆಯಾಗಿ ಹತ್ತು ವರ್ಷಕ್ಕೆ, 1867ರಲ್ಲಿ, ಬ್ರಿಟಿಷ್ ಸರ್ಕಾರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ ತಂದಿತು. ಮುದ್ರಕರು ಪ್ರತಿ ಪುಸ್ತಕವನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಸರ್ಕಾರ ಮೂರು ತಿಂಗಳಿಗೊಮ್ಮೆ ಅವುಗಳ ಪಟ್ಟಿಯನ್ನು ಗೆಜೆಟ್ಟಿನಲ್ಲಿ ಪ್ರಕಟಿಸಬೇಕು. ಜನ ಏನನ್ನು ಓದುತ್ತಿದ್ದಾರೆಂದು ಕಣ್ಣಿಡುವ ಉದ್ದೇಶ ಅದರಲ್ಲಿತ್ತು. ಆದರೆ ಆ ಪಟ್ಟಿ ದಾಖಲಿಸುತ್ತಿದ್ದ ವಿವರಗಳನ್ನು ನೋಡಿದರೆ ಇತಿಹಾಸಕಾರನ ಕೈ ಚಾಚುತ್ತದೆ. ಶೀರ್ಷಿಕೆ, ಭಾಷೆ, ಲೇಖಕ, ವಿಷಯ, ಅಚ್ಚಾದ ಊರು, ಮುದ್ರಕ, ಪುಟಗಳೆಷ್ಟು, ಗಾತ್ರವೇನು, ಎಷ್ಟನೆಯ ಮುದ್ರಣ, ಅಚ್ಚುಮೊಳೆಯದೋ ಕಲ್ಲಚ್ಚಿನದೋ, ಬೆಲೆ ಎಷ್ಟು, ಎಷ್ಟು ಪ್ರತಿಗಳು! ಮಂಗಳೂರು, ಧಾರವಾಡ, ಬಳ್ಳಾರಿಗಳಲ್ಲಿ ಅಚ್ಚಾದ ಪುಸ್ತಕಗಳು ಮದ್ರಾಸ್ ಮತ್ತು ಮುಂಬಯಿ ಪ್ರಾಂತಗಳ ಪಟ್ಟಿಗಳಲ್ಲಿ ಹೀಗೆ ಉಳಿದವು. ಅನೇಕ ಪ್ರತಿಗಳು ಹಡಗೇರಿದವು. ಬ್ರಿಟಿಷ್ ಮ್ಯೂಸಿಯಂ 1910ರಲ್ಲಿ ತನ್ನಲ್ಲಿದ್ದ ಕನ್ನಡ, ಬಡಗ ಮತ್ತು ಕೊಡಗು ಭಾಷೆಗಳ ಪುಸ್ತಕಗಳಿಗೆಂದೇ ಬಾರ್ನೆಟ್ ಸಿದ್ಧಪಡಿಸಿದ ಒಂದು ಸೂಚಿಯನ್ನು ಹೊರತಂದಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಅಲ್ಲಿಂದ ನೂರು ವರ್ಷ ತುಂಬುವ ಮೊದಲೇ ನಮ್ಮ ಮುದ್ರಣದ ಒಂದು ಪಟ್ಟಿಯನ್ನು ಪರರು ಮಾಡಿಟ್ಟುಕೊಂಡಿದ್ದರು.

ಈಗಿನ ಸಮಸ್ಯೆಯ ತುದಿ ಇಲ್ಲಿಂದಲೇ ಸಿಗುತ್ತದೆ. 1867ರ ಆ ಕಾಯ್ದೆ ಸ್ವತಂತ್ರ ಭಾರತದಲ್ಲೂ ಮುಂದುವರಿದು, 2024ರ ಮಾರ್ಚ್ 1ರಂದು ಅದರ ಜಾಗಕ್ಕೆ 2023ರ ಪತ್ರಿಕೆ ಮತ್ತು ನಿಯತಕಾಲಿಕ ನೋಂದಣಿ ಕಾಯ್ದೆ ಬಂತು. ಹೊಸ ಕಾಯ್ದೆಯ ವ್ಯಾಪ್ತಿಯಿಂದ ಪುಸ್ತಕಗಳನ್ನು ಕೈಬಿಡಲಾಗಿದೆ. ಕಣ್ಗಾವಲಿನ ಕಾನೂನು ಹೋದದ್ದು ಸರಿಯಾಯಿತು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅದರೊಂದಿಗೆ, ಎಲ್ಲಿ ಎಷ್ಟು ಪ್ರತಿ ಅಚ್ಚಾಯಿತು ಎಂಬಂಥ ವಿವರಗಳನ್ನು ಬರೆದಿಡುವ ಶಾಸನಬದ್ಧ ಹೊಣೆಯೂ ಹೋಯಿತು. ರಾಜ್ಯಗಳ ಗ್ರಂಥಾಲಯ ಕಾಯ್ದೆಗಳ ಮಾತು ಬೇರೆ. ದೇಶದ ಮಟ್ಟದಲ್ಲಿ ಪುಸ್ತಕವನ್ನು ಗ್ರಂಥಾಲಯಕ್ಕೆ ಕಟ್ಟಿಹಾಕುವ ಹಗ್ಗ ಈಗ 1954ರ ಕಾನೂನೊಂದೇ.

ಆ ಹಗ್ಗ ಸಡಿಲವಾಗಿದೆ. ಪ್ರಕಾಶಕರು ಪುಸ್ತಕ ಕಳುಹಿಸುವುದಿಲ್ಲ ಎಂಬುದು ಗ್ರಂಥಾಲಯ ಕ್ಷೇತ್ರದವರು ದಶಕಗಳಿಂದ ಹೇಳುತ್ತಿರುವ ದೂರು. ಐವತ್ತು ರೂಪಾಯಿಯ ದಂಡವೇ ಇದಕ್ಕೆ ಕಾರಣವೆಂದು ಹೇಳಿಬಿಡುವುದು ಸುಲಭ, ಆದರೆ ನನಗೆ ಹಾಗನ್ನಿಸುವುದಿಲ್ಲ. ಕೇಂದ್ರ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯೇ ದೂರು ಕೊಡಬೇಕು, ಹಾಗಾದರೆ ಮಾತ್ರ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುತ್ತದೆ. ಬಾರದೆ ಉಳಿದ ಪುಸ್ತಕದ ಸುದ್ದಿ ಆ ಅಧಿಕಾರಿಗೆ ತಿಳಿಯುವುದಾದರೂ ಹೇಗೆ? ನಮ್ಮಲ್ಲಿ ತಮ್ಮ ಕವನ ಸಂಕಲನವನ್ನು ತಾವೇ ಅಚ್ಚು ಹಾಕಿಸಿ, ಬಿಡುಗಡೆ ಸಮಾರಂಭ ಮಾಡಿ, ಗೆಳೆಯರಿಗೆ ಹಂಚುವ ಶಿಕ್ಷಕರು, ರೈತರು, ನಿವೃತ್ತ ನೌಕರರು ಸಾವಿರಾರು ಮಂದಿ. ಕಾನೂನಿನ ಕಣ್ಣಿನಲ್ಲಿ ಅವರೆಲ್ಲ ಪ್ರಕಾಶಕರೇ. ತಮ್ಮ ಪುಸ್ತಕಕ್ಕಾಗಿ ಕೋಲ್ಕತ್ತದಲ್ಲಿ ಒಂದು ಕಪಾಟು ಕಾದಿದೆಯೆಂದು ಅವರಿಗೆ ಯಾರೂ ಹೇಳಿಲ್ಲ. ಹೇಳಿದರೆ ದಂಡದ ಭಯವಿಲ್ಲದೆಯೇ, ಹೆಮ್ಮೆಯಿಂದ ಕಳುಹಿಸುತ್ತಾರೆ.

ಅಂಚೆಯ ಖರ್ಚೂ ಸಣ್ಣದಲ್ಲ. ಕೋಲ್ಕತ್ತವಲ್ಲದೆ ಇನ್ನೂ ಮೂರು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಹೋಗಬೇಕು: ಚೆನ್ನೈನ ಕನ್ನೆಮರಾ, ಮುಂಬಯಿಯ ಕೇಂದ್ರ ಗ್ರಂಥಾಲಯ, ದೆಹಲಿಯ ಸಾರ್ವಜನಿಕ ಗ್ರಂಥಾಲಯ. ಕಾನೂನು ಬಂದ 1954ರಲ್ಲಿ ಕನ್ನಡನಾಡು ಇನ್ನೂ ಒಂದಾಗಿರಲಿಲ್ಲ. ಧಾರವಾಡ ಮುಂಬಯಿಗೆ, ಮಂಗಳೂರು ಮದ್ರಾಸಿಗೆ ಸೇರಿದ್ದ ದಿನಗಳವು. 1956ರಲ್ಲಿ ರಾಜ್ಯ ಮೂಡಿತು, ಗ್ರಂಥಾಲಯಗಳ ಪಟ್ಟಿ ಮಾತ್ರ ಹಳೆಯ ಪ್ರಾಂತಗಳ ನಕಾಶೆಯನ್ನೇ ಹೊತ್ತುಕೊಂಡಿದೆ. ಹೀಗಾಗಿ ಶಿರಸಿಯಲ್ಲೋ ಬೀದರಿನಲ್ಲೋ ಅಚ್ಚಾದ ಕನ್ನಡ ಪುಸ್ತಕದ ನಾಲ್ಕು ಪ್ರತಿಗಳು ಕೇಂದ್ರದ ಕಾನೂನಿನಂತೆ ಕರ್ನಾಟಕದ ಹೊರಗಿನ ನಾಲ್ಕು ಊರುಗಳಿಗೆ ಹೋಗಬೇಕು.

ತಲುಪಿದ ಪುಸ್ತಕದ ಕಥೆಯೂ ಅಲ್ಲಿಗೇ ಮುಗಿಯುವುದಿಲ್ಲ. ಅದನ್ನು ಆ ಭಾಷೆ ಬಲ್ಲವರು ಸೂಚಿಗೆ ಇಳಿಸಬೇಕು. ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಒಬ್ಬರೇ, ಅಂಬಿಕಾತನಯದತ್ತ ಎಂದರೆ ಬೇಂದ್ರೆ ಎಂಬುದು ನಮಗೆ ಶಾಲೆಯ ಪಾಠ. ಆದರೆ ಕಾವ್ಯನಾಮದಲ್ಲಿ ಬರೆದ ಸಣ್ಣ ಲೇಖಕನೊಬ್ಬನ ಎರಡು ಹೆಸರುಗಳನ್ನು ಒಂದು ಮಾಡಲು ಕನ್ನಡದ ಸಾಹಿತ್ಯಲೋಕವನ್ನು ಒಳಗಿನಿಂದ ಬಲ್ಲ ಗ್ರಂಥಪಾಲಕರೇ ಬೇಕು. ರಾಷ್ಟ್ರೀಯ ಗ್ರಂಥಸೂಚಿ ಎಲ್ಲ ಭಾಷೆಗಳ ಶೀರ್ಷಿಕೆಗಳನ್ನೂ ರೋಮನ್ ಲಿಪಿಯಲ್ಲಿ, ಅಕ್ಷರಗಳ ಮೇಲೆ ಕೆಳಗೆ ಚಿಹ್ನೆಗಳನ್ನಿಟ್ಟು ಕೊಡುತ್ತದೆ. ಹಲವು ಲಿಪಿಗಳನ್ನು ಒಂದೇ ಸಾಲಿನಲ್ಲಿ ಜೋಡಿಸಲು 1950ರ ದಶಕದಲ್ಲಿ ಅದು ಜಾಣ್ಮೆಯ ಉಪಾಯವಾಗಿತ್ತು. ಕಂಪ್ಯೂಟರ್ ಕನ್ನಡವನ್ನು ಕನ್ನಡವಾಗಿಯೇ ಓದುವ ಈ ಕಾಲದಲ್ಲಿ, ಕನ್ನಡದಲ್ಲಿ ಹುಡುಕಿದವರಿಗೆ ಕನ್ನಡದಲ್ಲೇ ಸಿಗಬೇಕು.

ಇದರ ಮೇಲೆ ಕಾಗದದ ಸಂಕಟ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂದಿತು. ಅದರಲ್ಲಿ ಉಳಿದ ಆಮ್ಲ ಒಳಗಿನಿಂದಲೇ ಪುಟವನ್ನು ಹಳದಿಯಾಗಿಸಿ, ಮುಟ್ಟಿದರೆ ಹಪ್ಪಳದಂತೆ ಮುರಿಯುವ ಸ್ಥಿತಿಗೆ ತರುತ್ತದೆ. ಬಂಗಾಳದ ಸೆಕೆ ಮತ್ತು ತೇವ ಆ ಕೆಲಸವನ್ನು ಚುರುಕುಗೊಳಿಸುತ್ತವೆ. ನೂರು ವರ್ಷದ ಹಿಂದಿನ ಪತ್ರಿಕೆಗಿಂತ ನಾಲ್ಕು ನೂರು ವರ್ಷದ ಹಿಂದಿನ ತಾಳೆಗರಿ ಗಟ್ಟಿಯಾಗಿರುವುದನ್ನು ನೋಡಿದವರಿಗೆ ಇದರ ನೋವು ಗೊತ್ತು.

ಇಷ್ಟೆಲ್ಲವೂ ಅಚ್ಚಾದ ಪುಸ್ತಕದ ಮಾತು. 1954ರ ಕಾನೂನಿನ ದೃಷ್ಟಿಯಲ್ಲಿ ಪುಸ್ತಕವೆಂದರೆ ಮುದ್ರಿಸಿದ್ದು ಅಥವಾ ಕಲ್ಲಚ್ಚಿನಲ್ಲಿ ತೆಗೆದದ್ದು. ಕಾಗದ ಕಾಣದೆ ಇ-ಪುಸ್ತಕವಾಗಿಯೇ ಹೊರಬರುವ ಕಾದಂಬರಿ, ಜಾಲತಾಣದಲ್ಲಷ್ಟೇ ನಡೆಯುವ ಸಾಹಿತ್ಯ ಪತ್ರಿಕೆ, ಬ್ಲಾಗುಗಳಲ್ಲಿ ಹರಿದ ಚರ್ಚೆ ಆ ಮಾತಿನೊಳಗೆ ಬರುವುದಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಕನ್ನಡದಲ್ಲಿ ಬ್ಲಾಗು ಬರೆದವರ ಒಂದು ಪೀಳಿಗೆಯೇ ಇತ್ತು. ಆ ಬರಹಗಳಲ್ಲಿ ಎಷ್ಟೋ ಈಗ ತೆರೆದುಕೊಳ್ಳುವುದಿಲ್ಲ. ಹರಿದ ರಕ್ಷಾಪುಟದ ಪುಸ್ತಿಕೆಯಾದರೂ ನನ್ನ ಕೈಗೆ ಬಂತು. ಬಾಡಿಗೆ ಕಟ್ಟದೆ ಮುಚ್ಚಿಹೋದ ಜಾಲತಾಣ ಯಾವ ರಾಶಿಯಲ್ಲೂ ಸಿಗುವುದಿಲ್ಲ.

ಬೇರೆ ದೇಶಗಳು ಇದನ್ನು ಮೊದಲೇ ಕಂಡುಕೊಂಡವು. ನಾರ್ವೆ 1989ರಲ್ಲೇ, ಮಾಧ್ಯಮ ಯಾವುದಾದರೂ ಸರಿ ಪ್ರತಿ ಒಪ್ಪಿಸಬೇಕೆಂದು ಕಾನೂನು ಮಾಡಿತು. ಡೆನ್ಮಾರ್ಕ್ 2005ರಲ್ಲಿ, ಫ್ರಾನ್ಸ್ 2006ರಲ್ಲಿ ತಮ್ಮ ಜಾಲತಾಣಗಳನ್ನು ಸಂಗ್ರಹಿಸುವ ಅಧಿಕಾರವನ್ನು ಗ್ರಂಥಾಲಯಗಳಿಗೆ ಕೊಟ್ಟವು. ಬ್ರಿಟನ್ 2013ರ ಏಪ್ರಿಲ್‌ನಲ್ಲಿ ಅದೇ ದಾರಿ ಹಿಡಿಯಿತು. ಪ್ರಕಾಶಕರ ಹಕ್ಕಿಗೆ ಧಕ್ಕೆಯಾಗದಂತೆ ಅಲ್ಲೆಲ್ಲ ಕಟ್ಟುಪಾಡುಗಳಿವೆ. ಸಂಗ್ರಹವನ್ನು ಬಹುಮಟ್ಟಿಗೆ ಗ್ರಂಥಾಲಯದ ಆವರಣದಲ್ಲೇ ಕುಳಿತು ನೋಡಬೇಕು. ನಾರ್ವೆ ಇನ್ನೂ ಮುಂದೆ ಹೋಗಿ, ಹಕ್ಕುದಾರರ ಸಂಘಟನೆಗೆ ಹಣ ಕೊಟ್ಟು, ಇಪ್ಪತ್ತನೆಯ ಶತಮಾನದ ಪುಸ್ತಕಗಳನ್ನು ದೇಶದೊಳಗಿನ ಓದುಗರಿಗೆ ಮನೆಯಲ್ಲೇ ತೆರೆದಿಟ್ಟಿದೆ. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರ ನಿಧನದ ನಂತರ ಅರವತ್ತು ವರ್ಷ ಉಳಿಯುತ್ತದೆ. ಇಂಥ ಒಪ್ಪಂದವಿಲ್ಲದೆ ಸ್ಕ್ಯಾನ್ ಮಾಡಿದ ಪುಸ್ತಕವೂ ಬೀಗದೊಳಗೇ ಇರುತ್ತದೆ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ಹಲವರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೆಂದೇ ತಿಳಿದಿದ್ದಾರೆ. ಅದು ಬೇರೆ ಬೇರೆ ಸಂಗ್ರಹಗಳಿಗೆ ಒಂದೇ ಬಾಗಿಲು ತೆರೆಯುವ ಉಪಯುಕ್ತ ಕೆಲಸ ಮಾಡುತ್ತಿದೆ, ಆದರೆ ಅದಕ್ಕೆ ಯಾರೂ ಪ್ರತಿ ಒಪ್ಪಿಸಬೇಕಾಗಿಲ್ಲ.

ಸಣ್ಣ ಭಾಷೆಗಳಿಗೆ ಡಿಜಿಟಲ್ ಸಂಗ್ರಹದಿಂದ ಒದಗಿದ ಇನ್ನೊಂದು ಲಾಭ ಇತ್ತೀಚೆಗೆ ಗೊತ್ತಾಗುತ್ತಿದೆ. ನಾರ್ವೆ ಮತ್ತು ಸ್ವೀಡನ್‌ಗಳ ರಾಷ್ಟ್ರೀಯ ಗ್ರಂಥಾಲಯಗಳು ತಮ್ಮ ಡಿಜಿಟಲ್ ಸಂಗ್ರಹ ಬಳಸಿ ತಮ್ಮ ಭಾಷೆಯ ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ತಾವೇ ರೂಪಿಸಿವೆ. ಕನ್ನಡದ ಯಂತ್ರಗಳು ಇಂದು ಜಾಲದಲ್ಲಿ ಸಿಕ್ಕಷ್ಟನ್ನು ಓದಿ ಕನ್ನಡ ಕಲಿಯುತ್ತಿವೆ. ಎರಡು ನೂರು ವರ್ಷಗಳ ಮುದ್ರಿತ ಕನ್ನಡ, ಅದರ ಗದ್ಯದ ಬಗೆಗಳು, ಪ್ರದೇಶಗಳ ನುಡಿಗಟ್ಟುಗಳು ಕಪಾಟಿನಲ್ಲಿವೆ. ಹಳೆಯ ಅಚ್ಚುಮೊಳೆಗಳ ಒತ್ತಕ್ಷರಗಳನ್ನು ತಪ್ಪಿಲ್ಲದೆ ಗುರುತಿಸುವ ತಂತ್ರಾಂಶ, ತಪ್ಪಾದಲ್ಲಿ ತಿದ್ದುವ ಜನ ಇಲ್ಲದೆ ಅವು ಹೊರಗೆ ಬರುವುದಿಲ್ಲ.

ಡಿಜಿಟಲ್ ಆದೊಡನೆ ಎಲ್ಲವೂ ಕ್ಷೇಮ ಎಂದು ನಂಬುವವನೂ ನಾನಲ್ಲ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರ್ ವ್ಯವಸ್ಥೆಗೆ ದುಷ್ಕರ್ಮಿಗಳು ನುಗ್ಗಿ ಒತ್ತೆಹಣ ಕೇಳಿದರು. ಗ್ರಂಥಾಲಯ ಕೊಡಲಿಲ್ಲ. ಸುಮಾರು 600 ಗಿಗಾಬೈಟ್ ಮಾಹಿತಿ ಬಯಲಾಯಿತು, ಮುಖ್ಯ ಸೂಚಿ ಮತ್ತೆ ಕಾಣಿಸಿಕೊಂಡದ್ದು 2024ರ ಜನವರಿಯಲ್ಲಿ. ಪುಸ್ತಕಗಳೆಲ್ಲ ಕಪಾಟಿನಲ್ಲಿ ಭದ್ರವಾಗಿದ್ದವು, ಯಾವುದು ಎಲ್ಲಿದೆ ಎಂದು ಹೇಳುವ ವ್ಯವಸ್ಥೆಯೇ ಇಲ್ಲವಾಗಿತ್ತು. ಕಾಗದದ ಪ್ರತಿ, ಡಿಜಿಟಲ್ ಪ್ರತಿ, ದೂರದ ಊರಿನಲ್ಲಿ ಇನ್ನೊಂದು ಪ್ರತಿ ಮೂರೂ ಬೇಕು ಎಂಬುದನ್ನು ಈ ಘಟನೆ ಎಲ್ಲ ದೇಶಗಳ ಗ್ರಂಥಪಾಲಕರಿಗೂ ಮನವರಿಕೆ ಮಾಡಿಸಿತು.

ನಮ್ಮ ಕಾನೂನಿಗೆ ಬೇಕಾದ ತಿದ್ದುಪಡಿ ದೊಡ್ಡದೇನಲ್ಲ. ಪುಸ್ತಕದ ವ್ಯಾಖ್ಯೆಯಲ್ಲಿ ಡಿಜಿಟಲ್ ಪ್ರಕಟಣೆ ಸೇರಬೇಕು, ಜಾಲತಾಣಗಳನ್ನು ಸಂಗ್ರಹಿಸುವ ಅಧಿಕಾರ ಸೇರಬೇಕು. ಪ್ರತಿ ಭಾಷೆಯ ನಾಡಿನಲ್ಲಿ ಆ ಭಾಷೆಯ ಪುಸ್ತಕಗಳ ಇನ್ನೊಂದು ಶಾಸನಬದ್ಧ ನೆಲೆ ಇರಬೇಕು. ಪ್ರತಿ ಪುಸ್ತಕಕ್ಕೆ ಕೊಡುವ ಐಎಸ್‌ಬಿಎನ್ ಸಂಖ್ಯೆಯನ್ನು ಭಾರತದಲ್ಲಿ ಸರ್ಕಾರವೇ ಉಚಿತವಾಗಿ ಕೊಡುತ್ತದೆ. ಸಂಖ್ಯೆ ಪಡೆದ ಪಟ್ಟಿಯನ್ನೂ ಕೋಲ್ಕತ್ತಕ್ಕೆ ಬಂದ ಪುಸ್ತಕಗಳ ಪಟ್ಟಿಯನ್ನೂ ಎದುರುಬದುರು ಇಟ್ಟರೆ, ಬಾರದೆ ಉಳಿದದ್ದು ಯಾವುದೆಂದು ತಾನಾಗಿ ತಿಳಿಯುತ್ತದೆ. ಆಗ ಅಧಿಕಾರಿ ದಂಡದ ನೋಟಿಸಿಗಿಂತ ಮೊದಲು ಒಂದು ವಿನಯದ ಪತ್ರ ಬರೆಯಬಹುದು. ಗ್ರಂಥಾಲಯಕ್ಕೆ ಹೋಗುವ ಪ್ರತಿಗೆ ಅಂಚೆ ವೆಚ್ಚವನ್ನು ಮನ್ನಾ ಮಾಡಿದರೆ ಸಣ್ಣ ಪ್ರಕಾಶಕರ ಭಾರವೂ ಇಳಿಯುತ್ತದೆ.

ಅದೆಲ್ಲ ಆಗುವವರೆಗೂ ಕಾಯಬೇಕಾಗಿಲ್ಲ. ನೀವು ಈ ತಿಂಗಳು ಒಂದು ಪುಸ್ತಕ ಹೊರತಂದಿದ್ದರೆ ವಿಳಾಸ ಹೀಗಿದೆ: ರಾಷ್ಟ್ರೀಯ ಗ್ರಂಥಾಲಯ, ಬೆಲ್ವೆಡಿಯರ್, ಅಲಿಪುರ, ಕೋಲ್ಕತ್ತ 700027. ಕಳುಹಿಸಿದ ಮೇಲೆ ರಸೀದಿ ಕೇಳಿ ಪಡೆಯಿರಿ. ಬರಹದಲ್ಲಿ ರಸೀದಿ ಕೊಡಬೇಕೆಂದು ಅದೇ ಕಾನೂನು ಗ್ರಂಥಾಲಯಕ್ಕೂ ಹೇಳಿದೆ.